ಬೂಟು ನಮಗಿಂತ ಮೊದಲೇ ಆನ್‌ಸೈಟ್‌ಗೆ ಹೋಗಿತ್ತು

ಚೆನ್ನೈನಲ್ಲಿ ಚಳಿಗಾಲ ಎನ್ನುವುದಿಲ್ಲ. ಮಳೆ ನಿಂತ ಮೇಲೆ ಫ್ಯಾನಿನ ವೇಗವನ್ನು ಒಂದು ಗೆರೆ ಇಳಿಸುವ ಕೆಲವು ವಾರಗಳಿವೆ, ಅಷ್ಟೇ. ಆದರೂ ಪ್ರತಿ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಹಳೆ ಮಹಾಬಲಿಪುರಂ ರಸ್ತೆಯ ಐಟಿ ಕಚೇರಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಓಡಾಡುತ್ತದೆ: ಒಳ್ಳೆ ಬೂಟು ಎಲ್ಲಿ ಸಿಗುತ್ತದೆ? ಕೇಳುವವರು ಹೆಚ್ಚಾಗಿ ಜನವರಿಯಲ್ಲಿ ಶಿಕಾಗೋಗೋ ಸ್ಟಾಕ್‌ಹೋಮ್‌ಗೋ ಹೊರಟ ನಮ್ಮ ಹೆಣ್ಣುಮಕ್ಕಳು. ಥರ್ಮಲ್ ಸಿಗುತ್ತದೆ, ಜಾಕೆಟ್ ಸಿಗುತ್ತದೆ, ಕೈಗವಸೂ ಸಿಗುತ್ತದೆ. ಮೊಣಕಾಲಿನವರೆಗೆ ಬರುವ, ನೋಡಲು ಚೆಂದವಿರುವ, ಹಿಮದಲ್ಲಿ ನಡೆದರೂ ಒಳಗೆ ಕಾಲು ಒಣಗಿಯೇ ಇರುವ ಚರ್ಮದ ಬೂಟು ಮಾತ್ರ ಸಿಗುವುದಿಲ್ಲ.

ಟಿ. ನಗರದಲ್ಲಿ ಕೇಳಿದರೆ ಅಂಗಡಿಯವರು ನಗುತ್ತಾರೆ: "ಇಂಗ ಯಾರ್ ಮೇಡಂ ಪೋಡುವಾಂಗ?" ಮಾಲ್‌ಗಳಲ್ಲಿ ಎರಡು ಮೂರು ಜೋಡಿ ಇರುತ್ತವೆ. ಮುಟ್ಟಿದರೆ ಪ್ಲಾಸ್ಟಿಕ್ ಎಂದು ಗೊತ್ತಾಗುತ್ತದೆ, ಜಿಪ್ ಎಳೆದರೆ ಮೀನಖಂಡದ ಹತ್ತಿರ ನಿಂತುಬಿಡುತ್ತದೆ. ಕೊನೆಗೆ "ಅಲ್ಲಿಗೆ ಹೋದ ಮೇಲೆ ತಗೊಂಡರಾಯಿತು" ಎಂದು ವಿಮಾನ ಹತ್ತುತ್ತಾರೆ. ಅಲ್ಲಿ ಹೋಗಿ ಕೊಂಡ ಬೂಟಿನ ಒಳಮಗ್ಗುಲು ನೋಡಿದರೆ "ಮೇಡ್ ಇನ್ ಇಂಡಿಯಾ" ಎಂದಿದ್ದರೆ ಆಶ್ಚರ್ಯಪಡಬೇಕಿಲ್ಲ. ಅದು ಆಂಬೂರಿನದೋ ವಾಣಿಯಂಬಾಡಿಯದೋ ರಾಣಿಪೇಟೆಯದೋ ಆಗಿರುವ ಸಾಧ್ಯತೆ ಸಾಕಷ್ಟಿದೆ. ಬೆಂಗಳೂರು–ಚೆನ್ನೈ ರೈಲಿನಲ್ಲಿ ಓಡಾಡುವ ನಮಗೆ ಇವು ದೂರದ ಊರುಗಳಲ್ಲ; ಜೋಲಾರ್‌ಪೇಟೆ ದಾಟಿದ ಮೇಲೆ ಮೂಗು ಮುಚ್ಚಿಕೊಂಡು ಹಾದುಹೋಗುತ್ತಿದ್ದ ನಿಲ್ದಾಣಗಳು.

ಮೂರು ಗಂಟೆಯ ದೂರದಲ್ಲಿ ತಯಾರಾಗುವ ವಸ್ತು ಈ ಊರಿನ ಅಂಗಡಿಯಲ್ಲಿ ಏಕಿಲ್ಲ? ಹವಾಮಾನ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಇತಿಹಾಸದಲ್ಲಿದೆ. ಈ ಸೀಮೆಯ ಚರ್ಮೋದ್ಯಮ ಹೆಚ್ಚು ಕಡಿಮೆ ಇನ್ನೂರು ವರ್ಷಗಳಿಂದ ಬೇರೆಯವರ ಕಾಲಿಗಾಗಿಯೇ ದುಡಿದದ್ದು. ಇಲ್ಲಿ ಉಳಿದದ್ದು ಕೂಲಿ, ಲಾಭ, ಮತ್ತು ಕೊಳಕು ನೀರು.

ಮೊದಲು ಬೂಟಿನ ಮೂಲ ನೋಡೋಣ. ಮೊಣಕಾಲುದ್ದದ ಬೂಟು ಹುಟ್ಟಿದ್ದು ಎರಡು ಕಾರಣಕ್ಕೆ: ಚಳಿ ಮತ್ತು ಕುದುರೆ. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ದಿನವಿಡೀ ಕುದುರೆಯ ಮೇಲಿದ್ದವರಿಗೆ ಕಾಲು ಉಜ್ಜಿ ಗಾಯವಾಗದಂತೆ ಅದು ಬೇಕಿತ್ತು. ಅಲ್ಲಿಂದ ಬಂದ ಕುಷಾಣರ ದೊರೆ ಕನಿಷ್ಕನ ತಲೆಯಿಲ್ಲದ ಪ್ರತಿಮೆ ಮಥುರೆಯ ಮ್ಯೂಸಿಯಂನಲ್ಲಿದೆ. ಮುಖ ಹೋಗಿದೆ, ಆದರೆ ಹೊರಕ್ಕೆ ತಿರುಗಿದ ಎರಡು ದಪ್ಪ ಬೂಟುಗಳು ಹಾಗೇ ಉಳಿದಿವೆ. ಉತ್ತರ ಭಾರತದ ಶಿಲ್ಪಿಗಳು ಈ ಉಡುಗೆಯನ್ನು ಸೂರ್ಯದೇವನಿಗೂ ತೊಡಿಸಿದರು. ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಸೂರ್ಯನಿಗೆ ಉತ್ತರದವರ ವೇಷ ಇರಬೇಕೆಂದು ವಿಧಿಸುತ್ತಾನೆ. ದಕ್ಷಿಣಕ್ಕೆ ಬಂದಾಗ ಅದೇ ಸೂರ್ಯ ಬೂಟು ಕಳಚಿಬಿಡುತ್ತಾನೆ. ಟಿ.ಎ. ಗೋಪಿನಾಥ ರಾವ್ ಅವರು 1914ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ತಮ್ಮ ಪ್ರತಿಮಾಶಾಸ್ತ್ರ ಗ್ರಂಥದಲ್ಲಿ ಈ ವ್ಯತ್ಯಾಸವನ್ನು ಗುರುತಿಸಿದ್ದಾರೆ: ಉತ್ತರದ ಸೂರ್ಯನ ಕಾಲು ಮುಚ್ಚಿದೆ, ದಕ್ಷಿಣದ ಸೂರ್ಯ ಬರಿಗಾಲಿನವನು. ದೇವರೇ ಬೂಟು ಬಿಟ್ಟ ನೆಲದಲ್ಲಿ ಅಂಗಡಿಯವರು ನಕ್ಕರೆ ತಪ್ಪೇನು?

ಭಾಷೆಯೂ ಇದನ್ನೇ ಹೇಳುತ್ತದೆ. ಕನ್ನಡದ ‘ಕೆರ’, ‘ಕೆರಪು’ ಮತ್ತು ತಮಿಳಿನ ‘ಸೆರುಪ್ಪು’ ಒಂದೇ ಬೇರಿನ ಪದಗಳು. ನಮ್ಮ ‘ಕಿವಿ’ ತಮಿಳಿನಲ್ಲಿ ‘ಸೆವಿ’ ಆದ ಹಾಗೆ ನಮ್ಮ ‘ಕೆರ’ದ ಕಕಾರ ಅಲ್ಲಿ ಸಕಾರವಾಯಿತು. ಅಂದರೆ ಎರಡು ಭಾಷೆ ಬೇರೆಯಾಗುವ ಮೊದಲೇ ನಮ್ಮ ಹಿರಿಯರ ಬಳಿ ಚಪ್ಪಲಿ ಇತ್ತು, ಅದಕ್ಕೊಂದು ಹೆಸರೂ ಇತ್ತು. ಬೂಟಿಗೆ ಮಾತ್ರ ಇಬ್ಬರಲ್ಲೂ ಸ್ವಂತ ಪದವಿಲ್ಲ; ಇಬ್ಬರೂ ಇಂಗ್ಲಿಷಿನಿಂದ ತಂದುಕೊಂಡೆವು. ಪರ್ಷಿಯನ್ ಭಾಷೆಯಲ್ಲಿ ‘ಮೋಜೆ’ ಎಂದರೆ ಬೂಟು. ಅದು ಹಿಂದಿಗೆ ಬರುವ ಹೊತ್ತಿಗೆ ‘ಮೋಜಾ’ ಆಗಿ ಬರೀ ಕಾಲುಚೀಲಕ್ಕಿಳಿಯಿತು. ಬಿಸಿಲು ಹೆಚ್ಚಾದಂತೆ ಪದವೂ ತೆಳ್ಳಗಾದ ಹಾಗಿದೆ.

ಹದಿನಾರನೇ ಶತಮಾನದಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್, ಮುತ್ತು ರತ್ನ ರಾಶಿ ಹಾಕಿ ಮಾರುವ ಆ ನಗರದಲ್ಲೂ ಹೆಚ್ಚಿನ ಜನ ಬರಿಗಾಲಲ್ಲಿ ನಡೆಯುವುದನ್ನು ಗಮನಿಸಿದ್ದಾನೆ. ಇದಕ್ಕೆ ಬಿಸಿಲು, ಮಣ್ಣುನೆಲ, ಗುಡಿಯ ಮಡಿ ಎಲ್ಲವೂ ಕಾರಣ. ಆದರೆ ಬರಿಗಾಲೆಲ್ಲ ಒಂದೇ ಅಲ್ಲ. ಮೆಟ್ಟು ಇದ್ದೂ ಹೊರಗೆ ಬಿಟ್ಟವರ ಬರಿಗಾಲು ಒಂದು, ಮೆಟ್ಟಲು ಬಿಡದವರ ಬರಿಗಾಲು ಇನ್ನೊಂದು. ಮೇಲ್ಜಾತಿಯವರ ಬೀದಿ ಬಂದಾಗ ದಲಿತರು ಚಪ್ಪಲಿಯನ್ನು ಕೈಗೆತ್ತಿಕೊಂಡು ನಡೆಯಬೇಕಾಗಿದ್ದ ಊರುಗಳು ಕರ್ನಾಟಕದಲ್ಲೂ ಇದ್ದವು, ತಮಿಳುನಾಡಿನಲ್ಲೂ ಇದ್ದವು. ಹೊಲಿದವನೇ ಮೆಟ್ಟುವಂತಿರಲಿಲ್ಲ. ಹೆಂಗಸರ ವಿಷಯದಲ್ಲಂತೂ ಜಾತಿ ಯಾವುದೇ ಇರಲಿ, ಚಪ್ಪಲಿ ಮೆಟ್ಟಿ ಓಡಾಡುವುದೇ ಸೊಕ್ಕಿನ ಗುರುತಾಗಿತ್ತು. ನಮ್ಮ ಅಜ್ಜಿಯರ ತಲೆಮಾರಿನಲ್ಲಿ ಮದುವೆಗೆ ಮೊದಲು ಕಾಲಿಗೆ ಏನೂ ಹಾಕದೆ ಬೆಳೆದವರು ಎಷ್ಟೋ ಜನ.

ಈ ಮಾತು ಬಂದಾಗ ಕನ್ನಡದವರಿಗೆ ಕಲ್ಯಾಣದ ಹರಳಯ್ಯ ನೆನಪಾಗದೆ ಇರುವುದಿಲ್ಲ. ತಾನು ಮಾಡಿದ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದನೆಂದು, ಆ ಋಣ ತೀರಿಸಲು ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿದರು. ಬಸವಣ್ಣ ಅದನ್ನು ಕಾಲಿಗೆ ಹಾಕದೆ ತಲೆಯ ಮೇಲಿಟ್ಟುಕೊಂಡ ಎಂಬುದು ಪರಂಪರೆಯ ಕಥೆ. ಭಕ್ತಿಯ ಕಥೆಯಾಗಿ ಇದನ್ನು ಕೇಳಿದ್ದೇವೆ. ಚರ್ಮದ ಇತಿಹಾಸ ಓದುತ್ತಾ ಹೋದರೆ ಇದು ಬೇರೆ ರೀತಿಯಲ್ಲೂ ಕೇಳಿಸುತ್ತದೆ. ಪ್ರತಿ ಮೆಟ್ಟಿನಲ್ಲೂ ಮಾಡಿದವರ ಮೈಯ ಒಂದು ಪಾಲು ಇರುತ್ತದೆ, ಮೆಟ್ಟುವವರಿಗೆ ಅದು ಕಾಣುವುದಿಲ್ಲ.

ಹಸಿ ಚರ್ಮ ಎರಡು ದಿನಕ್ಕೆ ಕೊಳೆಯುತ್ತದೆ. ಅದನ್ನು ಕೊಳೆಯದ, ಬಗ್ಗುವ, ಬಾಳುವ ವಸ್ತುವಾಗಿ ಮಾಡುವುದಕ್ಕೆ ಕನ್ನಡದಲ್ಲಿ ‘ಹದ ಮಾಡುವುದು’ ಎನ್ನುತ್ತೇವೆ. ಹತ್ತೊಂಬತ್ತನೇ ಶತಮಾನದ ಮೊದಲರ್ಧದವರೆಗೆ ಹದವೆಲ್ಲ ಊರಿನ ಕೆಲಸ. ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ, ಎತ್ತಿನ ಮಿಣಿ, ಚಪ್ಪಲಿ, ತಮಟೆ, ಇಷ್ಟಕ್ಕೆ ಬೇಕಾದಷ್ಟು. ಹದಕ್ಕೆ ಬಳಸುತ್ತಿದ್ದದ್ದು ಬಯಲುಸೀಮೆಯ ದಾರಿಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ತಮಿಳಿನಲ್ಲಿ ಆವಾರಂ. 1840ರ ಸುಮಾರಿಗೆ ಪಾಂಡಿಚೇರಿಯ ಚಾರ್ಲ್ಸ್ ಡಿ ಸೂಸಾ ಎಂಬಾತ ಈ ಊರ ಪದ್ಧತಿಯನ್ನು ಸುಧಾರಿಸಿ ಮದ್ರಾಸಿನಲ್ಲಿ ರಫ್ತಿನ ಹದಕ್ಕೆ ದಾರಿ ಮಾಡಿದನೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಮದ್ರಾಸ್ ಬಂದರಿನಿಂದ ಹಡಗು ಹಡಗು ಚರ್ಮ ಲಂಡನ್ನಿಗೆ ಹೋಯಿತು. ಅಲ್ಲಿನ ವ್ಯಾಪಾರದ ಭಾಷೆಯಲ್ಲಿ ಅದಕ್ಕೆ ‘ಈಸ್ಟ್ ಇಂಡಿಯಾ ಕಿಪ್ಸ್’ ಎಂದು ಹೆಸರು. ನಮ್ಮ ದನಗಳು ಗಾತ್ರದಲ್ಲಿ ಚಿಕ್ಕವು, ಚರ್ಮ ತೆಳು, ನೂಲು ಬಿಗಿ; ಬೂಟಿನ ಮೇಲ್ಭಾಗಕ್ಕೆ ಹೇಳಿ ಮಾಡಿಸಿದಂಥದ್ದು.

ಇಲ್ಲಿ ಒಂದು ಸಣ್ಣ ವಿವರ ಮುಖ್ಯ. ಮದ್ರಾಸಿನಿಂದ ಹೋಗುತ್ತಿದ್ದದ್ದು ಪೂರ್ತಿ ಹದವಾದ ಚರ್ಮವಲ್ಲ, ಅರೆಹದದ್ದು. ನೀರು ಹೆಚ್ಚು ಬೇಕಾದ, ವಾಸನೆ ಬರುವ, ಕೈ ಸುಡುವ ಕೆಲಸಗಳಾದ ಕೂದಲು ತೆಗೆಯುವುದು, ಸುಣ್ಣದಲ್ಲಿ ನೆನೆಸುವುದು, ತೊಗಟೆ ನೀರಿನಲ್ಲಿ ವಾರಗಟ್ಟಲೆ ಇಡುವುದು ಇಲ್ಲಿ. ಬಣ್ಣ, ಹೊಳಪು, ಕತ್ತರಿ, ಹೊಲಿಗೆ, ಬೆಲೆ ಚೀಟಿ ಅಲ್ಲಿ, ಲಂಡನ್ನಿನ ಬರ್ಮಂಡ್ಸಿಯಂಥ ಕೇರಿಗಳಲ್ಲಿ. ನಮ್ಮ ಪ್ರಾಜೆಕ್ಟ್ ಭಾಷೆಯಲ್ಲಿ ಹೇಳುವುದಾದರೆ ಇದು ಆಫ್‌ಶೋರಿಂಗ್‌ನ ಅತಿ ಹಳೆಯ ಮಾದರಿ. ಕಷ್ಟದ ಮೊದಲ ಹಂತ ಇಲ್ಲಿ, ಹೆಸರು ಮತ್ತು ಮಾರ್ಜಿನ್ ಅಲ್ಲಿ. ಈ ವ್ಯಾಪಾರಕ್ಕೆ ಪೆರಿಯಮೇಟ್ ಕೇಂದ್ರವಾಯಿತು. ಸೆಂಟ್ರಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಆ ಬೀದಿಗಳಲ್ಲಿ ಇವತ್ತಿಗೂ ಚರ್ಮದ ವಾಸನೆ ಇದೆ. ಬಂಡವಾಳ ಹೆಚ್ಚಾಗಿ ಮುಸ್ಲಿಂ ವ್ಯಾಪಾರಿ ಮನೆತನಗಳದು, ದುಡಿಮೆ ಹೆಚ್ಚಾಗಿ ದಲಿತರದು. ಪಾಲಾರ್ ದಂಡೆಯ ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟು, ರಾಣಿಪೇಟೆಗಳಲ್ಲಿ ಹದದ ಮನೆಗಳು ಬೆಳೆದವು. ಸಿಹಿನೀರು ಇತ್ತು, ರೈಲು ಇತ್ತು, ತೊಗಟೆ ಹತ್ತಿರದಲ್ಲಿತ್ತು.

1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸೈನ್ಯಕ್ಕೆ ಲಕ್ಷಗಟ್ಟಲೆ ಬೂಟು ಬೇಕಾಯಿತು. ಬೂಟಿನ ಮೇಲ್ಭಾಗಕ್ಕೆ ನಮ್ಮ ಕಿಪ್ಸ್ ಬೇಕಾಯಿತು. ಯುದ್ಧದ ನಡುವೆ ಸರ್ಕಾರವೇ ಮದ್ರಾಸಿನ ಹದವಾದ ಚರ್ಮವನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು ಸೈನ್ಯಕ್ಕೆಂದೇ ಸಾಗಿಸಿತು. ಫ್ಲಾಂಡರ್ಸ್‌ನ ಕೆಸರಿನಲ್ಲಿ ನಿಂತ ಸಿಪಾಯಿಯ ಕಾಲಿನಲ್ಲಿ ತಂಗಡಿ ತೊಗಟೆಯಲ್ಲಿ ಹದವಾದ ಚರ್ಮ. ಹದ ಮಾಡಿದವನ ಕಾಲು ಮಾತ್ರ ಸುಣ್ಣದ ಗುಂಡಿಯಲ್ಲಿ ಬರಿದೇ ಇತ್ತು.

ತೊಗಟೆಯ ಹದಕ್ಕೆ ಒಂದು ಮಿತಿ ಇದೆ. ಚರ್ಮ ಗಟ್ಟಿಯಾಗುತ್ತದೆ, ಆದರೆ ನೀರಿಗೆ ಸೋಲುತ್ತದೆ. ನ್ಯೂಯಾರ್ಕಿನಲ್ಲಿ 1884ರಲ್ಲಿ ಆಗಸ್ಟಸ್ ಶುಲ್ಟ್ಸ್ ಎಂಬಾತ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ವಾರಗಳ ಕೆಲಸ ದಿನಗಳಿಗಿಳಿಯಿತು. ಚರ್ಮ ತೆಳ್ಳಗೆ, ಮೃದುವಾಗಿ, ನೀರು ಶಾಖ ಎರಡನ್ನೂ ತಡೆಯುವಂತಾಯಿತು. ಇದನ್ನು ಮದ್ರಾಸಿಗೆ ತರಲು ದುಡಿದವರಲ್ಲಿ ಮುಖ್ಯರು ಆಲ್‌ಫ್ರೆಡ್ ಚಾಟರ್ಟನ್, ಇಂದು ಗಿಂಡಿಯಲ್ಲಿರುವ ಎಂಜಿನಿಯರಿಂಗ್ ಕಾಲೇಜಿನ ಅಂದಿನ ಪ್ರಾಧ್ಯಾಪಕರು. ಅವರ ತಲೆಯಲ್ಲಿದ್ದದ್ದು ಫ್ಯಾಷನ್ ಅಲ್ಲ, ಕಪಿಲೆ. ನೀರಿನಲ್ಲಿ ಮುಳುಗೇಳುವ ಚೀಲ ಬೇಗ ಕೊಳೆಯುತ್ತಿತ್ತು, ಕ್ರೋಮ್ ಚರ್ಮದ ಚೀಲ ಹೆಚ್ಚು ಕಾಲ ಬಾಳಿ ರೈತನಿಗೆ ಹಣ ಉಳಿಸುತ್ತದೆ ಎಂಬುದು ಲೆಕ್ಕ. ಸರ್ಕಾರಿ ಹಣದಲ್ಲಿ ಪ್ರಯೋಗಶಾಲೆಯೇ ಕಾರ್ಖಾನೆಯಾಯಿತು. ಖಾಸಗಿ ಯುರೋಪಿಯನ್ ವ್ಯಾಪಾರಿಗಳು ಗೊಣಗಿದರು. 1910ರಲ್ಲಿ ಲಂಡನ್ನಿನಿಂದ ಭಾರತ ಮಂತ್ರಿ ಲಾರ್ಡ್ ಮಾರ್ಲೆ ಸರ್ಕಾರ ವ್ಯಾಪಾರಕ್ಕಿಳಿಯುವುದು ಸರಿಯಲ್ಲವೆಂದು ತಡೆದರು. ಕಾರ್ಖಾನೆಯನ್ನು ಸರ್ಕಾರ ಕೈಬಿಟ್ಟಿತು. ಚಾಟರ್ಟನ್ ಮುಂದೆ ಬಂದದ್ದು ನಮ್ಮ ಮೈಸೂರಿಗೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನದ ಕೈಗಾರಿಕಾ ಇಲಾಖೆ ನೋಡಿಕೊಂಡರು. 1916ರಲ್ಲಿ ಶುರುವಾದ ಗಂಧದೆಣ್ಣೆ ತಯಾರಿಕೆಯಲ್ಲಿ ಅವರ ಪಾಲಿದೆ. ಮದ್ರಾಸು ಬೇಡವೆಂದ ಸರ್ಕಾರಿ ಕೈಗಾರಿಕೆಯ ವಿಚಾರ ಮೈಸೂರಿನಲ್ಲಿ ಬೇರೂರಿತು ಎಂದು ಹೇಳಬಹುದು.

ಕ್ರೋಮ್ ಮಾತ್ರ ಮದ್ರಾಸ್ ಬಿಡಲಿಲ್ಲ. ಚೇಂಬರ್ಸ್ ಎಂಬುವರ ಕ್ರೋಮ್ ಲೆದರ್ ಕಂಪನಿ ಊರ ಹೊರಗೆ ಪಲ್ಲಾವರಂ ಪಕ್ಕದಲ್ಲಿ ನೆಲೆಯಾಯಿತು. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ಅದರ ಹೆಸರೇ ಆಯಿತು: ಕ್ರೋಂಪೇಟೆ. ಇವತ್ತು ಅಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮ ಹುಡುಗರಿಗೆ ಅದು ಲೋಕಲ್ ರೈಲಿನ ಒಂದು ಸ್ಟೇಷನ್, ಜಿಎಸ್‌ಟಿ ರಸ್ತೆಯ ಒಂದು ಟ್ರಾಫಿಕ್ ಜಾಮ್. ಒಂದು ರಾಸಾಯನಿಕ ಧಾತುವಿನ ಹೆಸರಿನ ಬಡಾವಣೆ ಲೋಕದಲ್ಲಿ ಎಷ್ಟಿವೆಯೋ!

ಕ್ರೋಮ್ ಇಲ್ಲದೆ ನಾವು ಈಗ ಹುಡುಕುವ ಹೆಣ್ಣುಮಕ್ಕಳ ಬೂಟು ಬರುತ್ತಿರಲಿಲ್ಲ. ಸವಾರನ ಹಳೆಯ ಬೂಟು ದಪ್ಪ ಚರ್ಮದ ಕೊಳವೆ; ಹಾಕಲು ಒಬ್ಬ, ಎಳೆಯಲು ಒಬ್ಬ ಬೇಕು. ಮೀನಖಂಡಕ್ಕೆ ಅಂಟಿದಂತೆ ಕೂರಬೇಕೆಂದರೆ ತೆಳುವಾದ, ಬಳುಕುವ ಚರ್ಮ ಬೇಕು. ಜೊತೆಗೆ ಜಿಪ್ ಬೇಕು. ‘ಜಿಪ್ಪರ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದೂ ಬೂಟಿನಿಂದಲೇ: 1923ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ ತನ್ನ ರಬ್ಬರ್ ಬೂಟಿಗೆ ಇಟ್ಟ ಹೆಸರು ಅದು. ಇನ್ನು ಬೇಕಾದದ್ದು ಕಾಣುವ ಕಾಲು. ವಿಕ್ಟೋರಿಯಾ ಕಾಲದ ಯುರೋಪಿನಲ್ಲಿ ಹೆಂಗಸರ ಲಂಗ ನೆಲ ಗುಡಿಸುತ್ತಿದ್ದಾಗ ಉದ್ದ ಬೂಟಿನ ಚೆಂದ ಯಾರಿಗೆ ಕಾಣಬೇಕು? ಮೊದಲ ಮಹಾಯುದ್ಧದ ಹೊತ್ತಿಗೆ ಹೆಂಗಸರು ಕಾರ್ಖಾನೆಗೆ, ಟ್ರಾಮಿಗೆ ಇಳಿದರು, ಲಂಗ ಮೇಲೇರಿತು. 1920ರ ದಶಕದಲ್ಲಿ ‘ರಷ್ಯನ್ ಬೂಟು’ ಲಂಡನ್ನಿನಲ್ಲಿ ಕೆಲಕಾಲ ಮಿಂಚಿತು. ನಿಜವಾದ ಅಲೆ ಎದ್ದದ್ದು 1960ರ ದಶಕದಲ್ಲಿ: 1964ರಲ್ಲಿ ಪ್ಯಾರಿಸ್ಸಿನ ಆಂದ್ರೆ ಕುರೇಜ್ ತನ್ನ ಚಿಕ್ಕ ಉಡುಪುಗಳಿಗೆ ಬಿಳಿ ಬೂಟು ಜೋಡಿಸಿದ, 1966ರಲ್ಲಿ ನ್ಯಾನ್ಸಿ ಸಿನಾತ್ರಾಳ ಬೂಟಿನ ಹಾಡು ಲೋಕವೆಲ್ಲ ಕೇಳಿತು. ಸೈನಿಕನ, ಸವಾರನ, ಯಜಮಾನನ ವಸ್ತುವನ್ನು ಹೆಣ್ಣು ತನ್ನದಾಗಿ ಮಾಡಿಕೊಂಡದ್ದೇ ಆ ಬೂಟಿನ ಮೋಡಿ.

ನಮ್ಮ ದೇಶಕ್ಕೆ ಅದು ತೆರೆಯ ಮೇಲೆ ಬಂತು. 1935ರ ‘ಹಂಟರ್‌ವಾಲಿ’ಯಲ್ಲಿ ಚಾಟಿ ಹಿಡಿದು ಬೂಟು ಮೆಟ್ಟಿ ಗಂಡಸರನ್ನು ಬಡಿದ ನಾಡಿಯಾ ಮೊದಲಿಗಳು. ಕನ್ನಡ ಚಿತ್ರಗಳೂ ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ದಿನಗಳಲ್ಲಿ, ಕೋಡಂಬಾಕಂನ ಉಡುಪಿನ ಕೋಣೆಗಳಲ್ಲಿ ಇಂಥ ಬೂಟುಗಳು ಇರುತ್ತಿದ್ದವು. ಆದರೆ ಅವು ಯಾರಿಗೆ? ಕ್ಲಬ್ಬಿನ ನರ್ತಕಿಗೆ, ಖಳನ ಜೊತೆಗಾತಿಗೆ, ಕೊನೆಯ ರೀಲಿನಲ್ಲಿ ಸೀರೆಯುಟ್ಟು ಸರಿದಾರಿಗೆ ಬರಬೇಕಾದ ಶ್ರೀಮಂತರ ಮಗಳಿಗೆ. ಸೀರೆ ಬಂದೊಡನೆ ಬೂಟು ಹೋಗುತ್ತಿತ್ತು. ಅಂಗಡಿಯವರ ನಗುವಿನಲ್ಲಿ ಆ ಸಿನಿಮಾದ ನೆನಪೂ ಸ್ವಲ್ಪ ಬೆರೆತಿರಬಹುದು.

ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಅಡ್ಯಾರಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ, ಸಿಎಲ್‌ಆರ್‌ಐ, ಶುರುವಾಯಿತು. ಅದನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ವೈ. ನಾಯುಡಮ್ಮ ಅವರದು. ಅವರು ಪ್ರಯೋಗಾಲಯವನ್ನು ಹದದ ಗುಂಡಿಯವರೆಗೆ ಕೊಂಡೊಯ್ದವರು. ಚರ್ಮದ ಕೆಲಸ ಕೀಳಲ್ಲ, ವಿಜ್ಞಾನ ಎಂದು ತೋರಿಸಿದವರು. 1985ರ ಜೂನ್ 23ರಂದು ಐರ್ಲೆಂಡ್ ಬಳಿ ಬಾಂಬಿಗೆ ಸಿಡಿದ ಏರ್ ಇಂಡಿಯಾ ವಿಮಾನದಲ್ಲಿ ಅವರು ತೀರಿಕೊಂಡರು. ವಿಮಾನದ ಹೆಸರು ‘ಕನಿಷ್ಕ’.

ಅಷ್ಟು ಹೊತ್ತಿಗೆ ನಮ್ಮ ಚರ್ಮದ ಕಥೆ ಒಂದು ತಿರುವು ಪಡೆದಿತ್ತು. ಅರೆಹದದ ಚರ್ಮ ಮಾರಿ ಬೇರೆಯವರ ಬೂಟಿಗೆ ಬೆಲೆ ತರುವುದು ಎಷ್ಟು ದಿನ ಎಂದು 1972ರಲ್ಲಿ ಸೀತಾರಾಮಯ್ಯ ಸಮಿತಿ ಕೇಳಿತು. 1973ರಿಂದ ಕಚ್ಚಾ ಚರ್ಮದ ರಫ್ತಿಗೆ ತಡೆ, ಅರೆಹದದ್ದಕ್ಕೆ ಕೋಟಾ ಬಂತು. ಮೊದಲು ಗೊಣಗಿದ ಆಂಬೂರು, ವಾಣಿಯಂಬಾಡಿಗಳ ವ್ಯಾಪಾರಿಗಳು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪೂರ್ತಿ ಹದ, ಆಮೇಲೆ ಬೂಟಿನ ಮೇಲ್ಭಾಗ, ಆಮೇಲೆ ಇಡೀ ಬೂಟು ಮಾಡುವುದಕ್ಕೆ ಏರಿದರು. ಹದದ ಮನೆ ಗಂಡಸರದ್ದಾಗಿತ್ತು. ಹೊಲಿಗೆಯ ಕಾರ್ಖಾನೆ ಹೆಂಗಸರದ್ದಾಯಿತು. ಬೆಳಿಗ್ಗೆ ಹಳ್ಳಿಹಳ್ಳಿಗೆ ಕಂಪನಿ ಬಸ್ಸು ಹೋಗಿ ಹುಡುಗಿಯರನ್ನು ತುಂಬಿಕೊಂಡು ಬರುವುದು ಆಂಬೂರಿನ ದಿನನಿತ್ಯದ ನೋಟ. ಸ್ವಂತ ಸಂಬಳ, ಬ್ಯಾಂಕ್ ಖಾತೆ, ತಂಗಿಯ ಕಾಲೇಜು ಫೀಸು, ಇವೂ ಆ ಬೂಟಿನಿಂದ ಬಂದದ್ದೇ. ಅದನ್ನು ಮರೆತು ಬರೀ ಶೋಷಣೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಆದರೆ ಕಾರ್ಖಾನೆಯ ಹೊರಗೆ, ಮನೆಯ ಜಗಲಿಯಲ್ಲಿ ಕುಳಿತು ಶೂಗಳ ಮೇಲ್ಭಾಗವನ್ನು ಕೈಯಲ್ಲಿ ಹೊಲಿಯುವ ಹೆಂಗಸರೂ ಇದ್ದಾರೆ. ಅವರ ಬಗ್ಗೆ ಬೆಂಗಳೂರಿನ ಸಿವಿಡೆಪ್ ಮತ್ತು ಬ್ರಿಟನ್ನಿನ ಸಂಘಟನೆಗಳು 2016ರಲ್ಲಿ ವರದಿ ತಂದವು. ಜೋಡಿಗೆ ಕೆಲವೇ ರೂಪಾಯಿ, ಪಿಎಫ್ ಇಲ್ಲ, ಬೆರಳು ಕಣ್ಣು ಎರಡೂ ಸವೆತ.

ಈಗ ನಮ್ಮ ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬಹುದು. ಆಂಬೂರಿನ ಕಾರ್ಖಾನೆ ತನ್ನ ಇಷ್ಟದ ಬೂಟು ಮಾಡಿ ಗಿರಾಕಿ ಹುಡುಕುವುದಿಲ್ಲ. ವಿನ್ಯಾಸ ವಿದೇಶಿ ಬ್ರ್ಯಾಂಡಿನದು, ಅಳತೆಯ ಅಚ್ಚು ಅವರದು, ಲೆಕ್ಕ ಹಾಕಿ ಕೊಟ್ಟಷ್ಟೇ ಜೋಡಿ. ಅಲ್ಲಿನ ಚಳಿಗಾಲದ ಬೂಟು ಇಲ್ಲಿ ತಯಾರಾಗುವುದು ನಮ್ಮ ಕಡುಬೇಸಿಗೆಯಲ್ಲಿ. ನವೆಂಬರಿನಲ್ಲಿ ನಾವು ಹುಡುಕಲು ಹೊರಡುವ ಹೊತ್ತಿಗೆ ಅವು ಹಡಗಿಳಿದು ಅಲ್ಲಿನ ಅಂಗಡಿ ಸೇರಿಯಾಗಿರುತ್ತವೆ. ಅಪ್ಪಿತಪ್ಪಿ ಉಳಿದ ಜೋಡಿ ಇಲ್ಲಿ ಸಿಕ್ಕರೂ ಅದು ನಮ್ಮ ಕಾಲಿಗೆ ಕೂರುವುದು ಕಷ್ಟ. ಸಿಎಲ್‌ಆರ್‌ಐ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1,01,880 ಜನರ ಪಾದ ಅಳೆದು ನೋಡಿತು. ಭಾರತೀಯರ ಪಾದ ಯುರೋಪಿನವರಿಗಿಂತ ಅಗಲ ಎಂದು ಕಂಡುಬಂತು. ಅಂದರೆ ಬ್ರಿಟಿಷರು ಬಿಟ್ಟುಹೋದ ಅಳತೆಯಲ್ಲಿ ನಾವು ಇಷ್ಟು ವರ್ಷ ಒಂದು ಸೈಜು ದೊಡ್ಡದು ಕೊಂಡು, ಬೆರಳ ಮುಂದೆ ಜಾಗ ಬಿಟ್ಟು, ಹಿಮ್ಮಡಿ ಜಾರಿಸಿಕೊಂಡು ನಡೆದಿದ್ದೇವೆ. ಈ ಸಮೀಕ್ಷೆಯಿಂದ ಹುಟ್ಟಿದ ಭಾರತೀಯ ಅಳತೆಗೆ ‘ಭ’ ಎಂದು ಹೆಸರಿಟ್ಟಿದ್ದಾರೆ. ದೇಶದ ಕಾಲಿಗೆ ದೇಶದ ಅಚ್ಚು ಬರಲು ಸ್ವಾತಂತ್ರ್ಯದ ನಂತರ ಮುಕ್ಕಾಲು ಶತಮಾನ ಬೇಕಾಯಿತು.

ಹೊಲಿಗೆ ಏರಿತು, ಬೆಲೆ ಏರಿತು, ಆದರೆ ಹದದ ನೀರು ಎಲ್ಲಿಗೆ ಹೋಯಿತು? ಪಾಲಾರ್ ಹುಟ್ಟುವುದು ನಮ್ಮಲ್ಲಿ, ನಂದಿಬೆಟ್ಟದ ಸೀಮೆಯಲ್ಲಿ. ಕೋಲಾರ ಜಿಲ್ಲೆಯಲ್ಲಿ ಹರಿದು, ಕೆಜಿಎಫ್‌ಗೆ ನೀರುಣಿಸಿದ ಬೇತಮಂಗಲದ ಕೆರೆ ತುಂಬಿ, ಆಂಧ್ರದ ಅಂಚು ದಾಟಿ ವಾಣಿಯಂಬಾಡಿಗೆ ಇಳಿಯುತ್ತದೆ. ಮೊದಲೇ ಮಳೆಗಾಲದ ನದಿ. ಉಳಿದ ಕಾಲದಲ್ಲಿ ಮರಳಿನ ಕೆಳಗೆ ಹರಿಯುತ್ತದೆ. ಆ ಮರಳಿಗೆ ಕಾರ್ಖಾನೆಗಳು ಉಪ್ಪು, ಸುಣ್ಣ, ಕ್ರೋಮಿಯಂ ಬೆರೆತ ನೀರು ಬಿಟ್ಟವು. ವೆಲ್ಲೂರು ನಾಗರಿಕರ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಆಗಸ್ಟ್ 28ರ ತೀರ್ಪಿನಲ್ಲಿ ದಾಖಲಾದ ಸಂಗತಿಗಳು ಇವು: ಒಂದು ಕೆ.ಜಿ. ಚರ್ಮಕ್ಕೆ 35 ಲೀಟರ್ ನೀರು. ಸುಮಾರು 35,000 ಹೆಕ್ಟೇರ್ ಹೊಲ ಭಾಗಶಃ ಅಥವಾ ಪೂರ್ತಿ ಹಾಳು. ಕುಡಿಯುವ ಬಾವಿಗಳು ಉಪ್ಪು. ಮಾಲಿನ್ಯ ಮಾಡಿದವರೇ ಬೆಲೆ ತೆರಬೇಕು, ಅಪಾಯ ಖಚಿತವಾಗುವವರೆಗೆ ಕಾಯದೆ ಮುನ್ನೆಚ್ಚರಿಕೆ ವಹಿಸಬೇಕು ಎಂಬ ಎರಡು ತತ್ವಗಳನ್ನು ನ್ಯಾಯಾಲಯ ಈ ದೇಶದ ಕಾನೂನಿನ ಭಾಗ ಎಂದು ಸಾರಿದ್ದು ಈ ಬೂಟಿನ ನೀರಿನ ಪ್ರಕರಣದಲ್ಲೇ. ಇವತ್ತು ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ತೀರ್ಪು ಅದು.

ತೀರ್ಪಿನಿಂದ ಸಾಮೂಹಿಕ ಶುದ್ಧೀಕರಣ ಘಟಕಗಳು ಬಂದವು, ಎಷ್ಟೋ ಸುಧಾರಿಸಿತು. ಆದರೂ 2015ರ ಜನವರಿ 31ರ ನಡುರಾತ್ರಿ ರಾಣಿಪೇಟೆಯ ಇಂಥದೇ ಒಂದು ಘಟಕದ ಕೆಸರಿನ ತೊಟ್ಟಿಯ ಗೋಡೆ ಕುಸಿದು, ಪಕ್ಕದಲ್ಲಿ ಮಲಗಿದ್ದ 10 ಜನ ಕಾರ್ಮಿಕರು ಸತ್ತರು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಇದೇ ಪಾಲಾರ್ ವಿಷಯದಲ್ಲಿ, ಪರಿಹಾರ ಎಲ್ಲರಿಗೂ ಮುಟ್ಟಿಲ್ಲ, ನದಿ ಸರಿಹೋಗಿಲ್ಲ ಎಂದು ಕಟುವಾಗಿ ಹೇಳಿ ಹೊಸ ನಿರ್ದೇಶನ ಕೊಟ್ಟಿತು. ಮೂವತ್ತು ವರ್ಷಗಳ ಮೊಕದ್ದಮೆಯ ಬಾಕಿ ಇನ್ನೂ ತೀರಿಲ್ಲ.

ಹಾಗಾದರೆ ಬೂಟು ಕೊಳ್ಳಬಾರದೇ? ಮೈನಸ್ ಹತ್ತು ಡಿಗ್ರಿಯಲ್ಲಿ ಬಸ್ಸಿಗೆ ಕಾಯುವವರಿಗೆ ಆ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಪ್ಲಾಸ್ಟಿಕ್ ಬೂಟು ಉತ್ತರವೂ ಅಲ್ಲ. ಪಾಲಿಯುರಿಥೇನ್ ಎನ್ನುವ ಆ ಪದಾರ್ಥ ನಮ್ಮ ಚೆನ್ನೈನ ತೇವದ ಗಾಳಿಯಲ್ಲಿ ಪೆಟ್ಟಿಗೆಯೊಳಗೇ ಪುಡಿಪುಡಿಯಾಗುತ್ತದೆ. ಎರಡು ಚಳಿಗಾಲಕ್ಕೊಂದು ಜೋಡಿ ಕಸಕ್ಕೆ. ಚರ್ಮದ್ದಾದರೆ ಹತ್ತು ವರ್ಷ ಬಾಳಿಸಬಹುದು. ಹಾಗಾಗಿ ಕೊಳ್ಳುವುದಾದರೆ ಒಂದೇ ಕೊಳ್ಳಿ, ನೋಡಿ ಕೊಳ್ಳಿ. ಮೀನಖಂಡದ ಸುತ್ತಳತೆಯನ್ನು ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ ಟೇಪಿನಲ್ಲಿ ತೆಗೆದುಕೊಳ್ಳಿ. ಒಳಗೆ ಉಣ್ಣೆ ಕಾಲುಚೀಲ, ಜೀನ್ಸ್ ಬರುವುದಾದರೆ ಒಂದೆರಡು ಸೆಂಟಿಮೀಟರ್ ಹೆಚ್ಚು ಬಿಡಿ. ಜಿಪ್ ಹಿಮ್ಮಡಿಯ ಹತ್ತಿರದಿಂದಲೇ ಶುರುವಾಗಲಿ. ಅಡಿಯಲ್ಲಿ ಹಿಡಿತದ ರಬ್ಬರ್ ಇರಲಿ, ನಯವಾದ ಅಡಿ ಹಿಮದ ಮೇಲೆ ಜಾರುತ್ತದೆ. ಯುರೋಪಿನಲ್ಲಿ ಮಾರುವ ಬೂಟಿನ ಒಳಗೆ ಸಣ್ಣ ಚಿತ್ರಗಳಿರುತ್ತವೆ: ಹರಡಿದ ತೊಗಲಿನ ಆಕಾರ ಇದ್ದರೆ ಚರ್ಮ, ಬರೀ ವಜ್ರಾಕೃತಿ ಇದ್ದರೆ ಬೇರೆ ಪದಾರ್ಥ. ಊರಿಗೆ ತಂದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಒಳಗೆ ಹಳೆ ನ್ಯೂಸ್‌ಪೇಪರ್ ತುರುಕಿ ನೇರ ನಿಲ್ಲಿಸಿ, ಬಟ್ಟೆಯ ಚೀಲ ಮುಚ್ಚಿ, ಆಗಾಗ ಗಾಳಿಗೆ ಇಡಿ.

ಮತ್ತು ಅಲ್ಲಿನ ಅಂಗಡಿಯಲ್ಲಿ "ಮೇಡ್ ಇನ್ ಇಂಡಿಯಾ" ಎಂದು ಕಂಡರೆ, ಯಾವ ಊರಿನದು ಎಂದು ಬ್ರ್ಯಾಂಡಿಗೆ ಒಂದು ಮೇಲ್ ಹಾಕಿ ಕೇಳಿ. ಎಷ್ಟೋ ದೊಡ್ಡ ಬ್ರ್ಯಾಂಡುಗಳು ತಮ್ಮ ಕಾರ್ಖಾನೆಗಳ ಪಟ್ಟಿಯನ್ನು ಈಗ ಹೊರಗಿಡುವುದು ಹೀಗೆ ಕೇಳಿದವರಿಂದಲೇ. ಉತ್ತರದಲ್ಲಿ ಆಂಬೂರು ಎಂದು ಬಂದರೆ ಅದು ಹೊಲಿದವಳ ಊರು. ಅವಳು ಯಾವ ಕೂಲಿಗೆ ಹೊಲಿದಳು, ನೀರು ಎಲ್ಲಿಗೆ ಬಿಟ್ಟರು ಎಂದು ಎರಡನೇ ಮೇಲ್‌ನಲ್ಲಿ ಕೇಳಬಹುದು. ನಮ್ಮ ಹಾಗೇ ಆ ಬೂಟೂ ಇಲ್ಲಿ ಹದವಾಗಿ ಅಲ್ಲಿ ದುಡಿಯಲು ಹೋದದ್ದು. ನಾವಾದರೆ ಊರಿಗೆ ಹಣ ಕಳಿಸುತ್ತೇವೆ, ಹಬ್ಬಕ್ಕೆ ಬರುತ್ತೇವೆ. ಬೂಟು ಹಿಂದಿರುಗುವುದಿಲ್ಲ, ಅದರ ಪರವಾಗಿ ಪಾಲಾರಿನ ಲೆಕ್ಕ ಕೇಳುವವರು ಅದನ್ನು ಮೆಟ್ಟಿದವರೇ ಆಗಬೇಕು.